ನಾಲ್ಕನೆಯ ಜೋಡಿಯ ತುದಿಯಲ್ಲಿ ಕೂತ ಪ್ರೇತ

ಮಾಜಿವಾಡಾದ ನಮ್ಮ ಲ್ಯಾಬಿನ ಒಳಕೋಣೆಯಲ್ಲಿ ಹಗಲೂ ಕತ್ತಲೆ. ಜನರ ಕ್ರೋಮೋಸೋಮುಗಳನ್ನು ಪರದೆಯ ಮೇಲೆ ಜೋಡಿ ಜೋಡಿಯಾಗಿ ನಿಲ್ಲಿಸಿ ನೋಡುವುದು ನನ್ನ ಕೆಲಸ. ಕೆಲವರಲ್ಲಿ ಒಂದು ತುಂಡು ಬಿದ್ದುಹೋಗಿರುತ್ತದೆ, ಕೆಲವರಲ್ಲಿ ಒಂದೇ ತುಂಡು ಎರಡು ಸಲ, ಕೆಲವರಲ್ಲಿ ತಲೆಕೆಳಗು. ಇನ್ನು ಕೆಲವರಲ್ಲಿ ಒಂದರ ತುಂಡು ಹೋಗಿ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಹದಿನೈದು ವರ್ಷವಾಯಿತು, ಇವತ್ತಿಗೂ ಒಂದು ದಿನ ಬೆಚ್ಚಿದರೆ ಮರುದಿನ ನಗು. ಡಾಕ್ಟರು ಮರಾಠಿಯವರು. ಕನ್ನಡದವರು ಬಂದರೆ ವಿವರಿಸುವ ಗ್ರಹಚಾರ ನನ್ನದು.

೧. ಸೂಜಿ

ಡೊಂಬಿವಲಿಯಿಂದ ಅತ್ತೆ, ಮಗ, ಸೊಸೆ ಬಂದರು. ಕುಂದಾಪುರದ ಕಡೆಯವರು, ಹೋಟೆಲಿನವರು. ಸೊಸೆಗೆ ಮೂರು ಸಲ ಗರ್ಭ ನಿಂತಿರಲಿಲ್ಲ.

"ಇವಳ ತವರಿನ ಪ್ರೇತ ಮಾರಾಯ್ತಿ, ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ ಬಂತು," ಎಂದರು ಅತ್ತೆ. "ದೋಷ ಇವಳದ್ದೇ ಅಂತ ನೀನು ಬರೆದುಕೊಡು, ಸಾಕು. ಇವಳನ್ನು ಊರಿಗೆ ಬಿಟ್ಟು ಬರ್ತೇನೆ."

ನನಗೆ ಪಿತ್ತ ನೆತ್ತಿಗೇರಿತು. "ಗಂಡನ ರಕ್ತವೂ ಬೇಕು," ಎಂದೆ.

"ಮುಝೆ ಕ್ಯಾ ಹುವಾ ಹೈ? ನನಗೇನಾಗಿದೆ?" ಎಂದು ಎದೆಯುಬ್ಬಿಸಿ ನಿಂತ ಮಗ, ಸೂಜಿ ಕಂಡದ್ದೇ ಕುಸಿದು ಕೂತ. ನೀರು ಕುಡಿಸಿದವಳು ಸೊಸೆಯೇ.

೨. ಅಲ್ಲೇ ಕೂತಿದೆ

ಸೊಸೆಯದ್ದು ಎಲ್ಲ ಸರಿಯಿತ್ತು. ಗಂಡನದ್ದರಲ್ಲಿ ನಾಲ್ಕನೆಯ ಕ್ರೋಮೋಸೋಮಿನ ತುದಿ ಎಂಟನೆಯದಕ್ಕೆ, ಎಂಟನೆಯದರದ್ದು ನಾಲ್ಕನೆಯದಕ್ಕೆ ಅಂಟಿಕೊಂಡಿತ್ತು. ಇಪ್ಪತ್ತು ಕೋಶ ನೋಡಿದೆ. ಇಪ್ಪತ್ತರಲ್ಲೂ ಅದು ಅಲ್ಲೇ ಕೂತಿತ್ತು. ಎಸಿ ಸದ್ದೂ ಯಾರೋ ಉಸಿರಾಡಿದಂತೆ ಕೇಳತೊಡಗಿತು. ತುಂಡು ಜಾಗ ಬದಲಿಸಿದೆಯೇ ಹೊರತು ಕಳೆದಿಲ್ಲ, ಹಾಗಾಗಿ ಅವನು ಗುಂಡುಕಲ್ಲಿನ ಹಾಗಿದ್ದ. ಮಗುವಿಗೆ ಮಾತ್ರ ಅದು ಹೆಚ್ಚುಕಮ್ಮಿಯಾಗಿ ಹೋದರೆ ಗರ್ಭ ನಿಲ್ಲುವುದು ಕಷ್ಟ.

ಚಿತ್ರ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿ ಕೂಗಿದರು: "ಇದೇ ಪ್ರೇತ! ನೋಡು, ಗಂಡನಿಗೂ ಹತ್ತಿಸಿಬಿಟ್ಟಳು!"

೩. ಯಾರ ಕಡೆಯದ್ದು

"ಅಮ್ಮಾ, ಇದು ಹತ್ತುವುದಲ್ಲ. ಹೆಚ್ಚಾಗಿ ಅಪ್ಪನಿಂದಲೋ ಅಮ್ಮನಿಂದಲೋ ಬರುವುದು," ಎಂದೆ.

"ಹಾಗಾದರೆ ಇವನ ಅಪ್ಪನ ಕಡೆಯದ್ದೇ. ಅಲ್ಲೊಬ್ಬರು ಬಾವಿಗೆ ಬಿದ್ದು ಸತ್ತಿದ್ದರು." ಆ ಅಪ್ಪ ಈಗ ಬದುಕಿಲ್ಲ, ಪರೀಕ್ಷಿಸುವಂತಿಲ್ಲ. ತಮ್ಮದೇನೂ ಇಲ್ಲವೆಂದು ತೋರಿಸಲು ಅತ್ತೆ ತಾವೇ ತೋಳು ಚಾಚಿದರು.

ಮೂರು ದಿನ ಅವರ ಕೋಶಗಳು ನಮ್ಮ ಬಿಸಿಪೆಟ್ಟಿಗೆಯೊಳಗೆ ಸದ್ದಿಲ್ಲದೆ ಬೆಳೆದವು. ನಾಲ್ಕನೇ ದಿನ ಪರದೆಗೆ ಹಾಕಿದೆ. ಅದೇ ತುಂಡು, ಅದೇ ಜಾಗ. ಸ್ಯಾಂಪಲ್ ಅದಲುಬದಲಾಯಿತೇನೋ ಎಂದು ಚೀಟಿ ನೋಡಿದೆ. ಇಲ್ಲ, ಅವರದ್ದೇ.

ಹೇಳಿದಾಗ ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇವನಿಗಿಂತ ಮೊದಲು ನನಗೂ ಎರಡು ಹೋಗಿತ್ತು," ಎಂದರು ಮೆಲ್ಲಗೆ. ಸೊಸೆ ಅವರ ಕೈ ಹಿಡಿದಳು. ನನಗೂ ಅಳು ಬಂತು. ಆದರೂ ಬಾಯಿ ಸುಮ್ಮನಿರಬೇಕಲ್ಲ, "ಈಗ ಊರಿಗೆ ಯಾರನ್ನು ಬಿಟ್ಟು ಬರುವುದು?" ಎಂದುಬಿಟ್ಟೆ.

"ಯಾರನ್ನೂ ಇಲ್ಲ. ಇವಳು ಎಲ್ಲಿಗೂ ಹೋಗುವುದಿಲ್ಲ," ಎಂದರು.

ಮಗ, ಸೊಸೆ ಲಿಫ್ಟಿನ ಹತ್ತಿರ ಹೋದರು. ಅತ್ತೆ ಮಾತ್ರ ಹಿಂದಿರುಗಿ ಬಂದು, ಬಾಗಿಲು ಮುಚ್ಚಿ ಪಿಸುಗುಟ್ಟಿದರು: "ಕಲ್ಯಾಣದಲ್ಲಿ ನನ್ನ ಮಗಳಿದ್ದಾಳೆ. ಅವಳದ್ದೂ ನೋಡಬೇಕಾ?"

"ನೋಡಿದರೆ ಒಳ್ಳೆಯದು ಅಮ್ಮಾ."

"ಗುಟ್ಟಾಗಿ ಕರ್ಕೊಂಡು ಬರ್ತೇನೆ. ಅವಳ ಅತ್ತೆಗೆ ಗೊತ್ತಾದರೆ ಮುಗಿಯಿತು. ಅದು ನನ್ನ ಹಾಗಲ್ಲ ಮಾರಾಯ್ತಿ, ಭಾರೀ ಕೆಟ್ಟ ಹೆಂಗಸು!"