ಕೆಂಪು ಗುಂಡಿ ಒತ್ತಿದರೆ ಡಾಕ್ಟ್ರು ಬರ್ತಾರೆ

ಆ ನಾಲ್ಕು ತಿಂಗಳಲ್ಲಿ ನಾನು ಹೆದರಿಕೊಂಡು ಕೂತಿದ್ದ ಒಂದು ಅನಾಹುತವೂ ನಡೆಯಲಿಲ್ಲ. ನಡೆದವೆಲ್ಲ ಹೆದರಬೇಕು ಅಂತ ನನಗೆ ಹೊಳೆದೇ ಇರದ ಅನಾಹುತಗಳು. ಅವು ಮಾತ್ರ ವಾರಕ್ಕೊಂದರಂತೆ ತಪ್ಪದೆ ಬಂದವು.

ವಿಷಯ ಇಷ್ಟು. ನಾನು ಪಾಂಡವಪುರದ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ನನ್ನ ಗೆಳತಿ ಕೆ.ಆರ್. ಪೇಟೆ ಕಡೆಯ ರೈತರ ಮನೆಯವಳು, ಮೊಬೈಲ್ ಆಪ್ ಬರೆಯುವುದನ್ನು ಕಲಿತವಳು. ಸಮಯಕ್ಕೆ ಡಾಕ್ಟರು ಸಿಗದೆ ಅವರ ಮನೆಯ ಹಸುವೊಂದು ಕಣ್ಣೆದುರೇ ಹೋಗಿಬಿಟ್ಟಿತು. ಅಲ್ಲಿಂದ ಅವಳಿಗೆ ಒಂದೇ ಹಟ. ಹಸುವಿಗೆ ಹುಷಾರಿಲ್ಲ ಅಂದರೆ ಯಜಮಾನ ಫೋನಿನಲ್ಲಿ ಒಂದು ಕೆಂಪು ಗುಂಡಿ ಒತ್ತಬೇಕು, ಪಶುವೈದ್ಯರ ಫೋನು ಬಡಕೊಳ್ಳಬೇಕು. ನಾನೂ ಸೇರಿಕೊಂಡೆ. ಅವಳು ಕೂತು ಬರೆಯುವುದು, ನಾನು ಸ್ಕೂಟರಿನಲ್ಲಿ ಊರೂರು ತಿರುಗಿ ಜನರ ಫೋನಿಗೆ ಹಾಕಿಕೊಟ್ಟು ಬರುವುದು. ರಜೆ ಕೇಳಿದ್ದಕ್ಕೆ ಶಾಲೆಯವರು "ಜೂನ್ ತನಕ ನಿಮ್ಮ ಜಾಗ ಇಟ್ಟಿರ್ತೀವಿ, ಆಮೇಲೆ ನಮ್ಮನ್ನ ಕೇಳಬೇಡಿ" ಎಂದರು. ಅವತ್ತಿನಿಂದ ಫೋನು ಟಿಂಗ್ ಅಂದರೆ ಸಾಕು, ನಾನು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದೆ.

ಡಾಕ್ಟರು ಬೇಕಲ್ಲ? ಶ್ರೀರಂಗಪಟ್ಟಣದಲ್ಲಿ ನಿವೃತ್ತರಾಗಿದ್ದ ಒಬ್ಬ ಪಶುವೈದ್ಯರು ಒಪ್ಪಿಕೊಂಡರು. ಆಪಿನಲ್ಲಿ "ನಮ್ಮ ವೈದ್ಯರ ತಂಡ" ಅಂತ ಒಂದು ಪುಟವಿತ್ತು. ತಂಡ ಅಂದರೆ ಅವರೊಬ್ಬರೇ.

ಕಾಲಿಲ್ಲದ ಕುರ್ಚಿ

ನಮ್ಮಪ್ಪ ಬಡಗಿ. ಒಂದು ಬೆಳಿಗ್ಗೆ ಉಜ್ಜುಗೊರಡು ಹಾಕುತ್ತಾ ಕೇಳಿದರು, "ಅದೇನವ್ವ ದಿನಾ ಫೋನಲ್ಲಿ ಎಂವಿಪಿ ಎಂವಿಪಿ ಅಂತಿರ್ತೀಯ?"

ನಾನು ಉತ್ಸಾಹದಿಂದ ವಿವರಿಸಿದೆ. ಪೂರ್ತಿ ಆಪ್ ಮಾಡಲು ವರ್ಷಗಟ್ಟಲೆ ಬೇಕು. ಅಷ್ಟು ದಿನ ಮಾಡಿದ ಮೇಲೆ ಜನ ಬೇಡ ಅಂದರೆ ಎಲ್ಲ ನೀರುಪಾಲು. ಅದಕ್ಕೇ ಮೊದಲು ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವಷ್ಟನ್ನು ಮಾತ್ರ ಮಾಡಿ ಕೊಡುವುದು. ಜನ ಬಳಸಿ ಏನು ಹೇಳುತ್ತಾರೋ ನೋಡಿಕೊಂಡು ಮುಂದಿನದು.

ಅಪ್ಪ ಸ್ವಲ್ಪ ಯೋಚಿಸಿದರು. "ಅಂದ್ರೆ ಕುರ್ಚಿ ಕೇಳ್ದೋರ್‍ಗೆ ಬರೀ ಅಲಗೆ ಕೊಡಾದು."

"ಹೂಂ ಅಪ್ಪ, ಹಂಗೇ!"

"ಕಾಲು?"

"ಬೇಕು ಅಂದ್ರೆ ಆಮೇಲೆ ಹಾಕೋದು."

"ಬೇಕು ಅಂತ ಅವ್ರಿಗೆ ಯಾವಾಗ ಗೊತ್ತಾಗ್ತದೆ?"

"ಕೂತು ನೋಡಿದ ಮೇಲೆ."

ಅಪ್ಪ ಉಜ್ಜುಗೊರಡನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಇಷ್ಟು ವರ್ಸದಲ್ಲಿ ಒಂದೇ ಒಂದು ಕುರ್ಚಿನ ಕಾಲಾಕ್ದೆ ಕೊಟ್ಟಿದ್ರೆ, ಇವತ್ತು ನಂಗೆ ಕಾಲಿರ್ತಿರ್ಲಿಲ್ಲ ಕಣವ್ವ."

ಹಿನ್ನೀರಿನಲ್ಲಿ ಹಸು

ಮೊದಲು ಆಪ್ ಹಾಕಿದ್ದು ಬೆಳಗೊಳದ ಒಬ್ಬ ಹೆಂಗಸಿನ ಫೋನಿಗೆ. ಮನೆಯಲ್ಲಿ ಎರಡು ಹಸು, ಒಳ್ಳೇ ಮಾತುಗಾತಿ, ನನಗೆ ಕಾಫಿ ಕೊಟ್ಟು ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡರು. ನಾನು ನೆಮ್ಮದಿಯಿಂದ ಪಾಂಡವಪುರಕ್ಕೆ ಬಂದೆ.

ಮೂರನೇ ದಿನ ಮಧ್ಯಾಹ್ನ ಡಾಕ್ಟರ ಫೋನು. "ಏನಮ್ಮ, ಬೆಳಗೊಳದಿಂದ ಕರೆ ಬಂದಿದೆ. ಆದ್ರೆ ಮ್ಯಾಪಿನಲ್ಲಿ ಹಸು ಕನ್ನಂಬಾಡಿ ಹಿನ್ನೀರಿನ ನಡುಮಧ್ಯ ಇದೆಯಲ್ಲ!"

ಹಸು ನೀರಿಗೆ ಬಿದ್ದಿದೆ, ಮುಳುಗುತ್ತಿದೆ, ಆ ಹೆಂಗಸು ದಡದಲ್ಲಿ ನಿಂತು ನಮ್ಮ ಗುಂಡಿ ಒತ್ತುತ್ತಿದ್ದಾರೆ ಅಂತ ಏನೇನೋ ಕಣ್ಮುಂದೆ ಬಂತು. ಫೋನು ಮಾಡಿದರೆ ಎತ್ತಲಿಲ್ಲ. ಸ್ಕೂಟರ್ ಹತ್ತಿದವಳು ದಾರಿಯುದ್ದಕ್ಕೂ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಹೋಗಿ ನೋಡಿದರೆ ಹಸು ಕೊಟ್ಟಿಗೆಯಲ್ಲೇ ಇದೆ. ಮೈ ಒಣಗಿದೆ. ಕೆಚ್ಚಲು ಸ್ವಲ್ಪ ಊದಿದೆ ಅಷ್ಟೆ. ಡಾಕ್ಟರು ನನಗಿಂತ ಮೊದಲೇ ದಾರಿ ಕೇಳಿಕೊಂಡು ಬಂದು ಇಂಜೆಕ್ಷನ್ ಕೊಡುತ್ತಿದ್ದರು.

ಗೆಳತಿ ಆಮೇಲೆ ಹುಡುಕಿ ಹೇಳಿದಳು. ಯಾರಾದರೂ ತಾವಿರುವ ಜಾಗ ತಿಳಿಸಲು ಒಪ್ಪದಿದ್ದರೆ ಆಪ್ ನಿಂತುಹೋಗದಿರಲಿ ಅಂತ ಅವಳು ಮ್ಯಾಪಿನ ಮೇಲೆ ಸುಮ್ಮನೆ ಒಂದು ಚುಕ್ಕೆ ಇಟ್ಟಿದ್ದಳಂತೆ. ಅದು ಹೋಗಿ ನೀರಿನಲ್ಲಿ ಬಿದ್ದಿತ್ತು.

ನಾನು ಆ ಹೆಂಗಸನ್ನು ಕೇಳಿದೆ, "ಅಕ್ಕಾ, ನೀವು ಎಲ್ಲಿದ್ದೀರಿ ಅಂತ ತಿಳ್ಕೋಬಹುದಾ ಅಂತ ಫೋನು ಕೇಳಿದಾಗ ನೀವು 'ಬೇಡ' ಅಂತ ಒತ್ತಿದ್ರಾ?"

"ಊಂ ಕಣವ್ವ, ಮತ್ತೆ?" ಎಂದರು ಅವರು. "ನಾನೆಲ್ಲಿಗೋಗ್ತೀನಿ, ಎಲ್ಲಿಗ್ ಬತ್ತೀನಿ ಅಂತ ನಮ್ಮೆಜಮಾನ್ರಿಗೇ ಏಳಾಕಿಲ್ಲ. ಇದ್ಯಾವ್ದು ಫೋನು?"

ಲಕ್ಷಣ

ಡಾಕ್ಟರು ಒಂದು ಸಲಹೆ ಕೊಟ್ಟರು. ಕರೆಯ ಜೊತೆಗೆ ಪ್ರಾಣಿಯ ಹೆಸರು, ವಯಸ್ಸು, ಲಕ್ಷಣ ಇಷ್ಟು ಬಂದರೆ ಸರಿಯಾದ ಔಷಧಿ ಹಿಡಿದೇ ಹೊರಡಬಹುದು ಅಂತ. ಗೆಳತಿ ಎರಡು ದಿನ ಕೂತು ಸೇರಿಸಿದಳು.

ಮೊದಲು ತುಂಬಿ ಕಳಿಸಿದ್ದು ಮಾಕವಳ್ಳಿಯ ಒಬ್ಬ ಹಿರಿಯರು. ಹೆಸರು: ಗೌರಿ. ವಯಸ್ಸು: ನಾಲ್ಕು. ಲಕ್ಷಣ: "ಭಾಳ ಲಕ್ಷಣವಾಗವ್ಳೆ. ಕೆಂಪು ಮೈಬಣ್ಣ. ಹಣೆ ಮೇಲೆ ಬಿಳೀ ಚುಕ್ಕೆ. ದೊಡ್ಡ ಕಣ್ಣು. ಗುಣಾನೂ ಒಳ್ಳೇದು."

ಅದನ್ನು ನೋಡಿ ನನಗೆ ನಗು ಬರಲಿಲ್ಲ. ಪಾಪ, ಹಸುವಿಗೆ ಏನಾಗಿದೆಯೋ ಏನೋ ಅಂತ ಗಾಬರಿಯಿಂದ ಅವರಿಗೇ ಫೋನು ಮಾಡಿದೆ.

"ಲಕ್ಷಣ ಕೇಳಿದ್ರಿ, ಬರ್ದೆ," ಅಂದರು. "ಕಾಯ್ಲೆ ಕೇಳಿದ್ರೆ ಅದ್ನೂ ಬರೀತಿರ್ಲಿಲ್ವ? ಒಟ್ಟೆ ಉಬ್ಬರ್ಸಿಕೊಂಡು ಮೇವು ಮುಟ್ದೆ ನಿಂತವ್ಳೆ. ಬಿರ್‍ರನೆ ಕಳಿಸವ್ವ."

ನಾನು ಡಾಕ್ಟರಿಗೆ ಫೋನು ಹಚ್ಚಿ, "ಸಾರ್, ಫಾರಂ ನೋಡಿದ್ರಾ? ತಕ್ಷಣ ಹೊರಡ್ತೀರಾ?" ಎಂದೆ.

"ಹೊರಟೆ," ಎಂದರು. "ಬರೀ ಔಷಧಿ ಚೀಲ ಸಾಕಾ, ಇಲ್ಲ ಹೂವು ಹಣ್ಣೂ ತಗೊಂಡೇ ಹೋಗ್ಲಾ?"

ಎಂಬತ್ತು

ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಬೆವರುತ್ತದೆ.

ಬಿಂಡಿಗನವಿಲೆಯಿಂದ ಒಂದು ಬೆಳಿಗ್ಗೆ ಕರೆ ಬಂತು. ಪ್ರಾಣಿ: ಹಸು. ಎಷ್ಟು: ಎಂಬತ್ತು. ಲಕ್ಷಣ: ಖಾಲಿ. ಕೆಂಪು ಗುಂಡಿ. ತುರ್ತು.

ಎಂಬತ್ತು ಹಸು ಒಂದೇ ಸಲಕ್ಕೆ ಮಲಗಿವೆ ಅಂದರೆ ಅದು ಯಾವ ರೋಗ? ಕಾಲುಬಾಯಿಯೋ, ಚರ್ಮಗಂಟೋ? ಗೆಳತಿ ಅಳುವುದೊಂದು ಬಾಕಿ. ಕಳಿಸಿದವನ ಫೋನಿಗೆ ಎಷ್ಟು ಸಲ ಹಚ್ಚಿದರೂ ಸಿಗುತ್ತಿಲ್ಲ. ಡಾಕ್ಟರು ತಮ್ಮ ಹಳೇ ಕಾರಿನಲ್ಲಿ ಔಷಧಿ ತುಂಬಿಕೊಂಡು ನಮ್ಮಿಬ್ಬರನ್ನೂ ಹತ್ತಿಸಿಕೊಂಡರು. ಹೋಗುತ್ತಾ ಹೋಗುತ್ತಾ ಅವರು ಕಾರಿನ ವೇಗ ಹೆಚ್ಚಿಸಿದರು. ನಾಗಮಂಗಲ ದಾಟುವ ಹೊತ್ತಿಗೆ ಹಳ್ಳ ಬಂದರೂ ಬ್ರೇಕು ಹಾಕುವುದನ್ನೇ ಬಿಟ್ಟರು. ಡಾಕ್ಟರೇ ಹೀಗೆ ಗಾಬರಿಯಾದರೆ ನಮ್ಮಂಥವರ ಗತಿ ಏನು?

ಊರ ಹೊರಗಿನ ಬಯಲಿನಲ್ಲಿ ಆತ ಕೋಲೂರಿಕೊಂಡು ನಿಂತಿದ್ದ. ಸುತ್ತ ಎಂಬತ್ತು ಕುರಿ, ನೆಮ್ಮದಿಯಾಗಿ ಮೇಯುತ್ತಿದ್ದವು.

"ಎಲ್ರೀ ಹಸು?" ಅಂದರು ಡಾಕ್ಟರು.

"ಅಸ ಯಾವ್ದೂ ಇಲ್ಲ ಸಾ. ನಿಮ್ಮ ಆಪಲ್ಲಿ ಅಸ, ಎಮ್ಮೆ ಎರಡೇ ಇದ್ದದ್ದು. ಕುರಿ ಅಂತ ಇರ್ಲಿಲ್ಲ. ಅದ್ಕೆ ಅಸ ಅಂತ ಒತ್ಬುಟ್ಟೆ."

"ಸರಿ, ಕುರಿಗಳಿಗೆ ಏನಾಗಿದೆ?"

"ಏನಾಗದೆ? ಏನೂ ಆಗಿಲ್ಲ."

"ಮತ್ತೆ ತುರ್ತು ಅಂತ ಯಾಕಯ್ಯಾ ಒತ್ತಿದ್ದು?"

ಆತ ನಮ್ಮ ಮೂವರನ್ನೂ, ಬಿಸಿಯಾಗಿ ಹೊಗೆ ಬಿಡುತ್ತಿದ್ದ ಕಾರನ್ನೂ ಮೇಲಿಂದ ಕೆಳಗೆ ನೋಡಿ, ತೃಪ್ತಿಯಿಂದ ತಲೆಯಾಡಿಸಿದ. "ಒತ್ತುದ್ರೆ ನಿಜ್ವಾಗ್ಲೂ ಬತ್ತಾರಾ ಅಂತ ನೋಡಾವ ಅಂತ. ಬಂದ್ರಲ್ಲ! ಆಪು ಸಂದಾಗದೆ, ಮಡಿಕತ್ತೀನಿ ಬುಡಿ."

ನಮ್ಮ ಆಪಿಗೆ ಬಂದ ಮೊದಲ ಒಳ್ಳೇ ಅಭಿಪ್ರಾಯ ಅದು.

ಹನ್ನೊಂದೂ ಕಾಲು

ಮೇ ತಿಂಗಳಲ್ಲಿ, ಹೊಸ ಉದ್ಯಮಗಳಿಗೆ ಕೈಹಿಡಿಯುವ ಒಂದು ಸಂಸ್ಥೆಯವರು ಶ್ರೀರಂಗಪಟ್ಟಣದ ಸಭಾಂಗಣದಲ್ಲಿ ನಮ್ಮಂಥವರನ್ನೆಲ್ಲ ಕರೆದಿದ್ದರು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಮುಂದಿನ ಸಾಲಿನಲ್ಲಿ ಮೂವರು ತೀರ್ಪುಗಾರರು. ಆಯ್ಕೆಯಾದರೆ ಮುಂದಿನ ದಾರಿ, ಇಲ್ಲದಿದ್ದರೆ ನನಗೆ ಜೂನ್‌ನಲ್ಲಿ ಶಾಲೆ, ಗೆಳತಿಗೆ ಇನ್ನೆಲ್ಲೋ ಕೆಲಸ. ಬೆಳಗಿನಿಂದ ನಾನು ಒಂದು ಇಡ್ಲಿಯನ್ನೂ ಪೂರ್ತಿ ನುಂಗಿರಲಿಲ್ಲ.

ನಮ್ಮ ಯೋಜನೆ ಸರಳ. ಡಾಕ್ಟರ ಫೋನನ್ನು ದೊಡ್ಡ ಪರದೆಗೆ ಜೋಡಿಸುವುದು. ಗೆಳತಿ ತನ್ನ ಫೋನಿನಲ್ಲಿ ಗುಂಡಿ ಒತ್ತುವುದು. ಪರದೆಯ ಮೇಲೆ ಕರೆ ಬರುವುದು. ಜನ ಚಪ್ಪಾಳೆ ತಟ್ಟುವುದು.

ನಮ್ಮ ಸರದಿ ಬಂತು. ಹನ್ನೊಂದೂ ಕಾಲು. ನಾನು ಮಾತಾಡಿ ಮುಗಿಸಿ ಗೆಳತಿಯ ಕಡೆ ನೋಡಿದೆ. ಅವಳು ಬೆರಳೆತ್ತಿದಳು. ಬೆರಳು ಇನ್ನೂ ಗಾಳಿಯಲ್ಲಿರುವಾಗಲೇ ಪರದೆಯ ಮೇಲೆ ಕರೆ ಬಡಕೊಂಡಿತು. ಸಭೆ ಚಪ್ಪಾಳೆ ತಟ್ಟಿತು. ಗೆಳತಿ ಬಿಳಿಚಿಕೊಂಡು ನನ್ನ ಕಿವಿಯಲ್ಲಿ, "ನಾನು ಒತ್ತಿಲ್ಲ ಕಣೇ" ಎಂದಳು.

ಅದು ನಿಜವಾದ ಕರೆ. ನಾಗಮಂಗಲದ ಹತ್ತಿರದ ಹಳ್ಳಿಯ ಒಬ್ಬ ಹೆಂಗಸಿನದು. ಹಸು ಕರು ಹಾಕಲು ತಿಣುಕುತ್ತಿದೆ, ಒಂದು ಕಾಲು ಮಾತ್ರ ಹೊರಗೆ ಬಂದಿದೆ. ಡಾಕ್ಟರು ಹೊರಟು ತಲುಪುವಷ್ಟರಲ್ಲಿ ಕರು ಉಳಿಯುವುದಿಲ್ಲ. ಅವರು ಅತ್ತಿತ್ತ ನೋಡದೆ ತಮ್ಮ ಫೋನಿನಿಂದಲೇ ಆಕೆಗೆ ವಿಡಿಯೋ ಕಾಲ್ ಮಾಡಿದರು. ಫೋನು ಪರದೆಗೆ ಜೋಡಿಸಿದೆ ಅನ್ನುವುದು ಅವರಿಗೆ ಮರೆತೇಹೋಗಿತ್ತು. ಮರುಕ್ಷಣ, ಹತ್ತಡಿ ಅಗಲದ ಪರದೆಯ ತುಂಬಾ ಹಸುವಿನ ಹಿಂಭಾಗ.

ಮುಂದಿನ ಸಾಲಿನ ತೀರ್ಪುಗಾರರೊಬ್ಬರು ಕೈಯಲ್ಲಿದ್ದ ಬಿಸ್ಕತ್ತನ್ನು ಮೆಲ್ಲಗೆ ತಟ್ಟೆಗೆ ವಾಪಸ್ ಇಟ್ಟರು.

"ಕೈಗೆ ಸೋಪು ಹಚ್ಚಿ ತೊಳ್ಕೊಳ್ಳಿ. ಎಣ್ಣೆ ಸವರಿ. ಕರೂನ ಮೆತ್ತಗೆ ಒಳಕ್ಕೆ ತಳ್ಳಿ," ಎಂದರು ಡಾಕ್ಟರು. "ಇನ್ನೊಂದು ಕಾಲು ಒಳಗೆ ಮಡಚಿಕೊಂಡಿರ್ತದೆ. ಗೊರಸು ಅಂಗೈಯಲ್ಲಿ ಮುಚ್ಚಿ ಹಿಡಿದು ಮುಂದಕ್ಕೆ ತನ್ನಿ."

"ಸಿಕ್ತಿಲ್ಲ ಡಾಕ್ಟ್ರೇ!" ಆಕೆಯ ದನಿ ನಡುಗುತ್ತಿತ್ತು.

ಸಭಾಂಗಣದಲ್ಲಿ ಹಿಂದೆ ಕೂತಿದ್ದವರೆಲ್ಲ ಹಸು ಕಟ್ಟಿದ ಮನೆಯವರೇ. ಒಬ್ಬ ಎದ್ದು, "ಅವಸರ ಪಡ್ಬೇಡಿ ಕಣಕ್ಕ!" ಅಂದ. ಇನ್ನೊಬ್ಬ, "ಅಸ ತಿಣುಕ್ದಾಗ ಎಳೀರಿ, ಸುಮ್‌ಸುಮ್ನೆ ಎಳೀಬೇಡಿ!" ಅಂತ ಕೂಗಿದ. "ಸಿಕ್ತು ಸಿಕ್ತು!" ಎಂದಳು ಆಕೆ. ಇಡೀ ಸಭೆ ಎದ್ದು ನಿಂತಿತು. ಪರದೆಯ ಮೇಲೆ ಎರಡು ಕಾಲು, ಆಮೇಲೆ ಮೂತಿ, ಆಮೇಲೆ ಸರ್ರನೆ ಇಡೀ ಕರು.

ಅದು ಅಲ್ಲಾಡಲಿಲ್ಲ.

"ಮೂಗು ಬಾಯಿ ಒರೆಸಿ. ಹುಲ್ಲುಕಡ್ಡಿ ತಗೊಂಡು ಮೂಗಿಗೆ ಕಚಗುಳಿ ಇಡಿ," ಅಂದರು ಡಾಕ್ಟರು. ಆಕೆ ಇಟ್ಟಳು. ಇನ್ನೊಂದು ಸಲ ಇಟ್ಟಳು. ಗೆಳತಿ ನನ್ನ ಮುಂಗೈ ಹಿಡಿದಿದ್ದಳು, ಅವಳ ಉಗುರಿನ ಗುರುತು ವಾರ ಇತ್ತು. ಮೂರನೇ ಸಲಕ್ಕೆ ಕರು ಸೀನಿತು.

ಆ ಸಭಾಂಗಣದಲ್ಲಿ ಆಮೇಲೆ ಎದ್ದ ಗಲಾಟೆಯನ್ನು ಹೇಳುವುದು ಕಷ್ಟ. ಆ ಹೆಂಗಸಿನ ಪಕ್ಕ ಫೋನು ಹಿಡಿದು ನಿಂತಿದ್ದ ಅತ್ತೆ ಗಾಬರಿಯಿಂದ ಫೋನಿನೊಳಗೆ ಇಣುಕಿ, "ಯಾರ್ ಡಾಕ್ಟ್ರೇ ಅವ್ರೆಲ್ಲ? ಒಂದ್ ಕರ ಆಕ್ಸಾಕೆ ಇಷ್ಟ್ ಜನ ಬೇಕಾ?" ಎಂದರು. ಡಾಕ್ಟರು ಆಗಷ್ಟೇ ಹಿಂದೆ ತಿರುಗಿ ಪರದೆ ನೋಡಿದರು.

ಗದ್ದಲ ಇಳಿದ ಮೇಲೆ ನಾನು ಗಡಿಯಾರ ನೋಡಿದೆ. ಹತ್ತು ನಿಮಿಷದ ಬದಲು ಮುಕ್ಕಾಲು ಗಂಟೆ ನುಂಗಿದ್ದೆವು. ಅಲ್ಲಿ ಎಲ್ಲರಿಗೂ ಹಿಡಿಸಿದ್ದು ವಿಡಿಯೋ, ಅದು ನಮ್ಮ ಆಪಿನಲ್ಲೇ ಇರಲಿಲ್ಲ. ತೀರ್ಪುಗಾರರು ತಲೆ ತಲೆ ಸೇರಿಸಿ ಮಾತಾಡಿದರು. ಅವರಲ್ಲಿ ಹಿರಿಯರು ಕಣ್ಣೊರೆಸಿಕೊಳ್ಳುತ್ತಾ ನಮ್ಮ ಬಳಿ ಬಂದು ಇಬ್ಬರ ಕೈಯನ್ನೂ ಕುಲುಕಿದರು.

"ಆಯ್ಕೆಯಾಗಿದ್ದೀರಿ," ಎಂದರು. "ಇಷ್ಟು ಚೆನ್ನಾಗಿ ತಯಾರಿ ಮಾಡ್ಕೊಂಡು ಬಂದವರನ್ನ ನಾನು ಇದುವರೆಗೆ ನೋಡಿಲ್ಲ. ಮುಂದಿನ ತಿಂಗಳು ದುಡ್ಡು ಹಾಕೋ ದೊಡ್ಡವರು ಬರ್ತಾರೆ, ಅವರ ಮುಂದೆಯೂ ಇದನ್ನೇ ತೋರಿಸಿ." ಹೊರಟವರು ಏನೋ ನೆನಪಾಗಿ ತಿರುಗಿ ನಿಂತರು. "ಒಂದೇ ಒಂದು ತಿದ್ದುಪಡಿ. ಅವರು ಬರೋದು ಹನ್ನೆರಡು ಗಂಟೆಗೆ. ಕರು ಹಾಕೋದನ್ನ ಸ್ವಲ್ಪ ಮುಂದಕ್ಕೆ ಹಾಕ್ಕೊಳ್ಳಿ."