ಪಾಲು ಹಾಕಿ ಓದಿದ ಕೊಲೆ

ಪುಸ್ತಕ ಬಿಡಿಸಿ ಕುಳಿತಿದ್ದೆ, ಒಳಗಿನಿಂದ ಮತ್ತೆ ಕರೆದರು. ಕೊಲೆಗಾರನ ಕೈ ಬಾಗಿಲಿನ ಚಿಲಕಕ್ಕೆ ತಾಗುವುದಕ್ಕೂ ನಮ್ಮ ಮನೆಯಲ್ಲಿ ಯಾರಿಗಾದರೂ ಹಸಿವಾಗುವುದಕ್ಕೂ ಏನೋ ಒಳ ಒಪ್ಪಂದ ಇದ್ದಂತಿದೆ. ಹತ್ತನೇ ತರಗತಿಯವರೆಗೆ ಶಾಲೆಗೆ ಹೋದವಳು ನಾನು. ಅಷ್ಟು ವರ್ಷ ಓದುವಾಗ ಯಾರೂ ಅಡ್ಡ ಬಂದದ್ದಿಲ್ಲ. ಆಗ ಓದುತ್ತಿದ್ದದ್ದು ಭೂಗೋಳ. ಯಾರಾದರೂ ಅಡ್ಡ ಬಂದಿದ್ದರೆ ಉಪಕಾರವಾಗುತ್ತಿತ್ತು. ಈಗ ಪುಸ್ತಕ ಬಿಡಿಸಿದರೆ ಸಾಕು, ಮಗಳ ಜಡೆ ಬಿಚ್ಚಿಹೋಗುತ್ತದೆ, ಮಗ ತೊಟ್ಟಿಲು ಒದ್ದೆ ಮಾಡುತ್ತಾನೆ, ಅವರಪ್ಪನಿಗೆ ಕಣ್ಣೆದುರು ನೇತಾಡುವ ಬನಿಯನ್ ಕಾಣಿಸುವುದಿಲ್ಲ.

ಪತ್ತೇದಾರಿ ಕಾದಂಬರಿ ಓದುವ ಹೆಂಗಸರಿಗೆ ಇಂಥದ್ದು ನಡೆಯುತ್ತಲೇ ಇರುತ್ತದೆ. ಮಂಗಳೂರಿನ ಉರ್ವದ ನಮ್ಮ ಓಣಿಯಲ್ಲಿ ಅಂಥವರು ನಾಲ್ಕು ಮಂದಿ: ನಾನು, ಪಕ್ಕದ ಮನೆಯ ದರ್ಜಿಯ ಹೆಂಡತಿ, ಹಿಂಬದಿಯ ಮುಸಲ್ಮಾನ ಬ್ಯಾರಿಗಳ ಮನೆಯ ಅಕ್ಕ, ಎದುರು ಮನೆಯ ಸೊಸೆ. ಬಾವಿಕಟ್ಟೆಯಲ್ಲಿ ಎದುರಾದರೆ ಬೇರೆಯವರು ಎಂತ ಅಡಿಗೆ ಎಂದು ಕೇಳುತ್ತಾರೆ. ನಾವು ಕೇಳುವುದು, "ಈಗ ಯಾವುದು ಓದ್ತಾ ಇದ್ದೀರಿ?"

ಈ ಸಲ ಓದಿದ ಪುಸ್ತಕಕ್ಕೆ ಅವಸರ ಇತ್ತು. ಎದುರು ಮನೆಯ ಸೊಸೆಗೆ ಏಳನೇ ತಿಂಗಳು, ಚೊಚ್ಚಲು. ಬಯಕೆಯ ಶಾಸ್ತ್ರ ಮುಗಿದ ಕೂಡಲೇ ತಾಯಿಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ತಾಯಿಮನೆ ಕಾವೂರಿನಿಂದ ಆಚೆ, ಗದ್ದೆಗಳ ನಡುವೆ. ಅಲ್ಲಿ ಓದಲಿಕ್ಕೆ ಸಿಗುವುದು ಗೊಬ್ಬರದ ಚೀಲದ ಮೇಲಿನ ಅಕ್ಷರ ಮಾತ್ರ.

"ಅಕ್ಕ, ಕೊಂದದ್ದು ಯಾರು ಅಂತ ಗೊತ್ತಾಗದೆ ನಾನು ಹೋಗುವುದಿಲ್ಲ," ಎಂದಳು. "ಹೆರಿಗೆ ಅಂದರೆ ಎಂತ ಆಗ್ತದೆ ಅಂತ ಯಾರಿಗೆ ಗೊತ್ತುಂಟು? ಹೆಚ್ಚುಕಮ್ಮಿ ಆದರೆ, ಇದೊಂದು ತಿಳಿಯಲಿಲ್ಲ ಅಂತ ತಲೆಯಲ್ಲಿ ಉಳಿಯುವುದು ಬೇಡ."

ನಗುತ್ತಲೇ ಹೇಳಿದಳು. ಆದರೆ ನನ್ನ ಸೆರಗಿನ ತುದಿಯನ್ನು ಹಿಡಿದ ಕೈ ಬಿಡಲಿಲ್ಲ. ಬಯಕೆಯೊಳಗೆ ಮುಗಿಸಿಕೊಡುತ್ತೇವೆ ಎಂದು ಮಾತು ಕೊಟ್ಟೆ.

ಹೊಲಿಗೆ

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿ ಯಾರಿಗೆ ಏನು ಸಿಕ್ಕಿತೋ ತಿಳಿಯದು. ನಮಗೆ ಬೆಂಗಳೂರಿನ ಪತ್ತೇದಾರಿ ಪುಸ್ತಕಗಳು ಬೇಗ ಸಿಗತೊಡಗಿದವು. ಮಾರ್ಕೆಟಿನ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಉಂಟು. ಒಂದು ಪುಸ್ತಕ, ಒಂದು ವಾರ. ಒಬ್ಬರಾದ ಮೇಲೆ ಒಬ್ಬರು ಓದುತ್ತಾ ಹೋದರೆ ಕೊನೆಯವಳಿಗೆ ಸಿಗುವುದು ರಟ್ಟು ಮಾತ್ರ.

ದಾರಿ ತೋರಿಸಿದ್ದು ದರ್ಜಿಯ ಹೆಂಡತಿ. ಪುಸ್ತಕ ಬಂದ ಮಧ್ಯಾಹ್ನವೇ ಗಂಡನ ಬ್ಲೇಡು ತಂದು ಬೆನ್ನಿನ ಹೊಲಿಗೆ ಬಿಡಿಸಿ, ಸೀಬೆಹಣ್ಣು ಹಂಚಿದ ಹಾಗೆ ಐದು ಪಾಲು ಮಾಡಿಟ್ಟಳು. ಮೊದಲ ಪಾಲು ಓದಿದವಳು ಅದನ್ನು ಆಚೆ ಮನೆಗೆ ದಾಟಿಸಿ ಎರಡನೆಯದಕ್ಕೆ ಕೈ ಹಾಕುವುದು. ಹೀಗೆ ಒಂದೇ ಹೊತ್ತಿನಲ್ಲಿ ಒಂದು ಮನೆಯಲ್ಲಿ ಮನುಷ್ಯ ಸಾಯುತ್ತಿದ್ದ, ಇನ್ನೊಂದು ಮನೆಯಲ್ಲಿ ಪೋಲೀಸು ಬರುತ್ತಿತ್ತು. ವಾರ ಮುಗಿದಾಗ ಅವಳು ಎಲ್ಲ ಪಾಲನ್ನೂ ಜೋಡಿಸಿ, ರವಕೆ ಹೊಲಿದು ಉಳಿದ ನೂಲಿನಿಂದ ಹೊಲಿದು, ಗೋಂದು ಹಚ್ಚಿ, ಅಂಟಲಿಕ್ಕೆ ರುಬ್ಬುಗುಂಡಿನ ಅಡಿಯಲ್ಲಿ ಇಡುತ್ತಿದ್ದಳು.

ಒಂದು ದಿನ ಅಂಗಡಿಯವನು ಪುಸ್ತಕದ ಬೆನ್ನು ತಿರುಗಿಸಿ ನೋಡಿ, ನನ್ನ ಮುಖ ನೋಡಿದ. ಬೆನ್ನಿನಲ್ಲಿ ಗಿಳಿಹಸಿರು ನೂಲು. ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದುಕೊಂಡೆ.

"ನಿಮ್ಮ ಮನೆಗೆ ಹೋದ ಪುಸ್ತಕ ಮಾತ್ರ ಗಟ್ಟಿಯಾಗಿ ವಾಪಸು ಬರ್ತದೆ," ಎಂದ. ಒಳಗೆ ಹೋಗಿ ಹಾಳೆ ಉದುರುವ ಮೂರು ಹಳೆಯ ಪುಸ್ತಕ ತಂದು ಎದುರಿಗಿಟ್ಟ. "ಇದನ್ನೂ ಒಮ್ಮೆ ಓದಿ."

ಉಪ್ಪು

ನನ್ನ ಗಂಡ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಅವರಿಗೆ ಪುಸ್ತಕ ಓದುವ ಅಭ್ಯಾಸ ಇಲ್ಲ, ಕೊನೆಯ ಪುಟ ಓದುವ ಅಭ್ಯಾಸ ಉಂಟು. ಮಧ್ಯಾಹ್ನ ಊಟಕ್ಕೆ ಬಂದು ಅಂಗಿಯ ಗುಂಡಿ ಬಿಚ್ಚುತ್ತಾ ಮೇಜಿನ ಮೇಲಿದ್ದ ಕೊನೆಯ ಪಾಲನ್ನು ಎತ್ತಿ, ಕಣ್ಣಾಡಿಸಿ, ಕೈ ತೊಳೆದು, ಮಣೆಯ ಮೇಲೆ ಕುಳಿತು ಹೇಳುತ್ತಾರೆ, "ಅಡಿಗೆಯವನೇ."

ಹಿಂದಿನ ಪುಸ್ತಕದಲ್ಲಿ ಹಾಗೆ ಹೇಳಿದಾಗ ನಾನಿನ್ನೂ ಎರಡನೇ ಪಾಲಿನಲ್ಲಿದ್ದೆ. ಅಡಿಗೆಯವನ ಮೇಲೆ ನನಗೆ ಕನಿಕರ ಹುಟ್ಟಿತ್ತು. ಪಾಪ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವನು. ಅನ್ನ, ಸಾರು ಬಡಿಸಿದೆ.

ಎರಡು ತುತ್ತು ನುಂಗಿದ ಮೇಲೆ, "ಸಾರಿಗೆ ಉಪ್ಪೇ ಇಲ್ಲವಲ್ಲ. ಉಪ್ಪು ಎಲ್ಲುಂಟು?" ಎಂದರು.

"ಕೊನೆಯ ಪುಟದಲ್ಲಿ ಉಂಟು, ನೋಡಿ," ಎಂದೆ.

ಅಂದಿನಿಂದ ಒಂದು ಕಟ್ಟಳೆ ಮಾಡಿದೆವು. ಕೊನೆಯ ಪಾಲು ಯಾವ ಗಂಡಸಿನ ಕಣ್ಣಿಗೂ ಬೀಳಬಾರದು. ಎಲ್ಲರೂ ಅಲ್ಲಿಗೆ ತಲುಪುವವರೆಗೆ ಎದುರು ಮನೆಯ ಸೊಸೆಯ ಹಾಸಿಗೆಯ ಅಡಿಯಲ್ಲಿ ಇರಬೇಕು. ಅವಳು ಮಾತಿಗೆ ತಪ್ಪುವವಳಲ್ಲ. ಕೊಲೆಗಾರನ ಮೇಲೆಯೇ ಮಲಗಿದ್ದರೂ ಅವನ ಹೆಸರು ಇಣುಕಿ ನೋಡುವವಳಲ್ಲ.

ಬಂಗುಡೆ

ಬ್ಯಾರಿಗಳ ಮನೆಯ ಅಕ್ಕನ ಗಂಡನಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಅಕ್ಕನಿಗೆ ಅರಬಿ ಅಕ್ಷರ ಬರುತ್ತದೆ, ಕನ್ನಡದ್ದು ಬರುವುದಿಲ್ಲ. ಹಾಗಾಗಿ ಮಧ್ಯಾಹ್ನ ಅವರ ಹಿತ್ತಿಲ ಜಗಲಿಯಲ್ಲಿ ನಾನು ಓದಿ ಹೇಳುವುದು. ನಾನು ಓದುವುದು ಕನ್ನಡದಲ್ಲಿ, ಅವರು ಸಂಶಯ ಪಡುವುದು ತುಳುವಿನಲ್ಲಿ.

ಈ ಪುಸ್ತಕದಲ್ಲಿ ಒಬ್ಬ ಕಾಫಿ ತೋಟದ ಯಜಮಾನ. ರಾತ್ರಿ ಊಟ ಮುಗಿಸಿ ಕೋಣೆಗೆ ಹೋದವನು ಬೆಳಿಗ್ಗೆ ಹೆಣವಾಗಿದ್ದ.

"ಎಂತ ಊಟ?" ಎಂದರು ಅಕ್ಕ.

"ಅದು ಬರೆದಿಲ್ಲ."

"ಬರೆಯದೆ ಇರ್ತಾರಾ? ಸರಿಯಾಗಿ ನೋಡಿ ಮಾರಾಯ್ತಿ."

ಮಗ ಎದ್ದು ಅಳುವ ಹೊತ್ತಾಗಿತ್ತು. ಮುಂದೆ ಹೋಗಬೇಕಲ್ಲ, "ಬಂಗುಡೆ ಮೀನಿನ ಸಾರು, ಅನ್ನ," ಎಂದೆ. ಅವರು ತಲೆಯಾಡಿಸಿದರು. ನಾನು ಓದಿದೆ: ಆಮೇಲೆ ಮನೆಗೆಲಸದವಳು ಯಜಮಾನನ ಕೋಣೆಗೆ ಒಂದು ಲೋಟ ಹಾಲು ತಂದಿಟ್ಟಳು.

"ನಿಲ್ಲಿಸಿ," ಎಂದರು ಅಕ್ಕ. "ಬಂಗುಡೆ ಉಂಡವನಿಗೆ ಹಾಲಾ?"

"ಹಾಲಿನಲ್ಲಿ ವಿಷ ಇತ್ತಾ ಅಂತ ಪತ್ತೇದಾರ ನೋಡ್ತಾ ಇದ್ದಾನೆ ಅಕ್ಕ."

"ವಿಷ ಯಾಕೆ? ಮೀನು, ಅದರ ಮೇಲೆ ಹಾಲು. ಸಾಕಲ್ಲ. ಆ ಹೆಂಗಸನ್ನು ಹಿಡಿಯಲಿಕ್ಕೆ ಹೇಳಿ."

ಅಲ್ಲಿಂದ ಮುಂದೆ ಯಾರ ಮೇಲೆ ಏನು ಸಾಕ್ಷಿ ಬಂದರೂ ಅಕ್ಕ ಒಪ್ಪಲಿಲ್ಲ. ಕಿಟಕಿಯ ಸರಳು ಬಗ್ಗಿತ್ತು ಎಂದರೆ, ಬಗ್ಗಲಿ, ಬಂಗುಡೆಗೆ ಹಾಲು ಕೊಟ್ಟದ್ದು ಯಾರು ಎಂದರು. ಮರುದಿನ ಬಾವಿಕಟ್ಟೆಯಲ್ಲಿ ದರ್ಜಿಯ ಹೆಂಡತಿ ನನ್ನನ್ನು ಹಿಡಿದಳು. "ನಾನು ಮೊದಲ ಪಾಲು ಎರಡು ಸಲ ಓದಿದೆ, ಬಂಗುಡೆ ಎಲ್ಲೂ ಸಿಗಲಿಲ್ಲ. ಹೊಲಿಗೆ ಬಿಡಿಸುವಾಗ ಹಾಳೆ ಏನಾದರೂ ಬಿತ್ತಾ?"

ಪತ್ತೇದಾರ ಬಂಗುಡೆಯ ವಿಷಯ ಒಮ್ಮೆಯೂ ಕೇಳದೆ ನಾಲ್ಕನೇ ಪಾಲು ಮುಗಿಸಿದ. ಅಕ್ಕನಿಗೆ ಅವನ ಮೇಲಿದ್ದ ಗೌರವ ಹೋಯಿತು. "ಅವನನ್ನು ಬೈದು ಪ್ರಯೋಜನ ಇಲ್ಲ," ಎಂದರು. "ಅಡಿಗೆಮನೆಗೆ ಕಾಲಿಡದ ಗಂಡಸು."

ಕೆಟ್ಟದ್ದು ನೋಡಲಿಕ್ಕೆ

ಬಯಕೆಗೆ ಇನ್ನು ಕೆಲವೇ ದಿನ ಇರುವಾಗ ಬಿಸಿಲು ಚೆನ್ನಾಗಿ ಬಂತು. ಎದುರು ಮನೆಯ ದೊಡ್ಡಮ್ಮ, ಅಂದರೆ ಆ ಹುಡುಗಿಯ ಅತ್ತೆ, ಹಾಸಿಗೆಯನ್ನು ಬಿಸಿಲಿಗೆ ಹಾಕಲು ಎತ್ತಿದರು. ಕೊನೆಯ ಪಾಲು ಕೈಗೆ ಸಿಕ್ಕಿತು. ಸೀದಾ ನಮ್ಮ ಅಂಗಳಕ್ಕೆ ಬಂದರು.

"ಬಸುರಿ ಹುಡುಗಿಯ ಹಾಸಿಗೆಯ ಅಡಿಯಲ್ಲಿ ಹೆಣ ಇಟ್ಟಿದ್ದೀಯಲ್ಲ ಮಾರಾಯ್ತಿ. ಹೊಟ್ಟೆಯಲ್ಲಿರುವ ಮಗುವಿನ ಕಿವಿಗೆ ಎಂತ ಬೀಳಬೇಕು, ಎಂತ ಬೀಳಬಾರದು ಅಂತ ಗೊತ್ತಿಲ್ಲವಾ ನಿನಗೆ? ಎರಡು ಹೆತ್ತವಳು."

"ಹೆಣ ಇರುವುದು ಮೊದಲ ಪಾಲಿನಲ್ಲಿ ದೊಡ್ಡಮ್ಮ. ಇದರಲ್ಲಿ ಬರೀ ಕೊಲೆಗಾರ."

"ಅದು ಇನ್ನೂ ಚಂದ," ಎಂದು ಪಾಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಸೊಸೆ ಆಗ ಎರಡು ಪಾಲು ಓದಿ ಮುಗಿಸಿದ್ದಳು. ಮೂರು, ನಾಲ್ಕು ನಮ್ಮಲ್ಲಿದ್ದವು. ಅವನ್ನು ಅವಳಿಗೆ ದಾಟಿಸುವ ದಾರಿ ಅಂದಿಗೆ ಮುಚ್ಚಿತು. ಮೆಟ್ಟಿಲಿನ ಬಳಿ ದೊಡ್ಡಮ್ಮ ಕುರ್ಚಿ ಹಾಕಿ ಕುಳಿತರು.

ಮರುದಿನ ಮಧ್ಯಾಹ್ನ ನೋಡುತ್ತೇನೆ, ಅದೇ ಕುರ್ಚಿಯಲ್ಲಿ ಕನ್ನಡಕ ಹಾಕಿ ಪಂಚಾಂಗ ನೋಡುತ್ತಿದ್ದಾರೆ. ಮೀನಿನವಳು ಬಂದು ಬುಟ್ಟಿ ಇಳಿಸಿ ಕರೆದಳು. ತಲೆ ಎತ್ತಲಿಲ್ಲ. ಮೀನು ಬಂದರೂ ತಲೆ ಎತ್ತಗೊಡದ ಪಂಚಾಂಗವನ್ನು ನಾನು ಈವರೆಗೆ ಕಂಡಿಲ್ಲ.

ಸಂಜೆ ಬೇಲಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಅದರ ಸುರುವಿನ ಪಾಲು ನಿನ್ನ ಹತ್ತಿರ ಉಂಟಾ?"

"ನಿಮಗೆ ಓದಲಿಕ್ಕಾ ದೊಡ್ಡಮ್ಮ?"

"ಛೆ. ಅದರಲ್ಲಿ ಎಂತೆಲ್ಲ ಕೆಟ್ಟದ್ದು ಉಂಟು ಅಂತ ನೋಡಲಿಕ್ಕೆ."

ಕೊಟ್ಟೆ. ಮರುದಿನ ಎರಡನೆಯದು ಬೇಕೆಂದರು.

"ಕೆಟ್ಟದ್ದು ಸಾಕಾಗಲಿಲ್ಲವಾ?"

"ನೋಡುವುದಾದರೆ ಪೂರ್ತಿ ನೋಡಬೇಕು," ಎಂದರು. ಹಾಗೆ ಮೂರು, ನಾಲ್ಕೂ ಹೋದವು. ಕೊನೆಯದನ್ನು ಮಾತ್ರ ಕೊಡಲಿಲ್ಲ. ಹೆರಿಗೆಯಾದ ಮೇಲೆ ನೋಡುವ ಎಂದರು. ಹೆಸರಾದರೂ ಹೇಳಿ ಎಂದರೆ, ಬಸುರಿ ಇರುವ ಮನೆಯಲ್ಲಿ ನನ್ನ ಬಾಯಲ್ಲಿ ಅಂಥ ಹೆಸರು ಬರುವುದಿಲ್ಲ ಎಂದರು. ಓಣಿಯಲ್ಲಿ ಕೊಲೆಗಾರ ಯಾರೆಂದು ಗೊತ್ತಿದ್ದದ್ದು ಪುಸ್ತಕ ಓದಬಾರದು ಎಂದ ಒಬ್ಬರಿಗೆ ಮಾತ್ರ.

ಪುಸ್ತಕದ ವಾರ ಮುಗಿದಿತ್ತು. ಅಂಗಡಿಯವನಿಗೆ, ಹೊಲಿಗೆ ಆಗ್ತಾ ಉಂಟು ಎಂದು ಹೇಳಿಕಳಿಸಿದೆ.

ಕಿವಿಯಲ್ಲಿ

ಬಯಕೆಯ ದಿನ ಬಂತು. ಹುಡುಗಿ ಹಸಿರು ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಮಣೆಯ ಮೇಲೆ ಕುಳಿತಿದ್ದಳು. ಮುಖ ಮಾತ್ರ ಅರ್ಧ ಪುಸ್ತಕದಲ್ಲಿ ನಿಂತವರದ್ದು. ಒಬ್ಬೊಬ್ಬರಾಗಿ ಹೋಗಿ ಕುಂಕುಮ ಹಚ್ಚಿ, ಹೂ ಮುಡಿಸಿ, ಸಿಹಿ ತಿನ್ನಿಸುವುದು ಕ್ರಮ. ಹೂ ಮುಡಿಸುವಾಗ ಬಾಯಿ ಕಿವಿಯ ಹತ್ತಿರ ಹೋಗುತ್ತದಲ್ಲ, ಅಷ್ಟು ನಮಗೆ ಸಾಕಿತ್ತು. ಯಾರು ಯಾವ ಪಾಲಿನ ಕತೆ ಹೇಳುವುದು ಎಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿಯೇ ಹಂಚಿಕೊಂಡಿದ್ದೆವು.

ದರ್ಜಿಯ ಹೆಂಡತಿ ಮೂರನೇ ಪಾಲು ಹಿಡಿದು ಮೊದಲು ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ. ಹುಡುಗಿಯ ತಾಯಿ ನನ್ನ ಪಕ್ಕದಲ್ಲಿ ನಿಂತು, "ಪೇಟೆಯವರು ಎಷ್ಟು ಹೊತ್ತು ಹರಸ್ತಾರಪ್ಪ," ಎಂದರು. ಅಷ್ಟರಲ್ಲಿ ಹುಡುಗಿ ಗಟ್ಟಿಯಾಗಿ, "ಅಯ್ಯೋ, ತೋಟದ ಲೆಕ್ಕ ಬರೆಯುವ ರೈಟರನಾ?" ಎಂದಳು. ಸೋದರತ್ತೆಯೊಬ್ಬರು ಯಾವ ರೈಟರು ಬಂದರು ಎಂದು ಬಾಗಿಲ ಕಡೆ ನೋಡಿ ಸೆರಗು ಸರಿಮಾಡಿಕೊಂಡರು.

ಬ್ಯಾರಿಗಳ ಮನೆಯ ಅಕ್ಕ ಹಸಿರು ಬಳೆ ತಂದಿದ್ದರು. ಬಳೆ ತೊಡಿಸಿ, ಕಿವಿಯಲ್ಲಿ ಪುಸ್ತಕದ ಮಾತಿನ ಬದಲು ತಮ್ಮ ತೀರ್ಪನ್ನೇ ಹೇಳಿದರು. ಇನ್ನು ಮೂರು ತಿಂಗಳು ಮೀನು ತಿಂದ ದಿನ ಹಾಲು ಮುಟ್ಟಬೇಡ ಎಂದೂ ಸೇರಿಸಿದರು.

ನಾಲ್ಕನೇ ಪಾಲು ನನ್ನದು. "ಉಳಿದದ್ದು ಇಬ್ಬರೇ," ಎಂದೆ. "ಒಂದೋ ರೈಟರ್, ಇಲ್ಲ ಯಜಮಾನನ ತಮ್ಮ. ಯಾರು ಅಂತ ನಿನ್ನ ಅತ್ತೆಗೆ ಮಾತ್ರ ಗೊತ್ತುಂಟು."

ಕೊನೆಗೆ ದೊಡ್ಡಮ್ಮ ಬಂದರು. ಕುಂಕುಮ ಹಚ್ಚಿದರು, ಹೂ ಮುಡಿಸಿದರು. ಕೈ ಹಿಂದೆ ತೆಗೆಯಲು ಹೋದಾಗ ಹುಡುಗಿ ಅದನ್ನು ಹಿಡಿದುಕೊಂಡಳು. "ಅತ್ತೆ, ಹೇಳಿ," ಎಂದಳು. ಕಣ್ಣು ತುಂಬಿತ್ತು. ಸುತ್ತ ನಿಂತ ಹೆಂಗಸರೆಲ್ಲ ಅತ್ತೆಯನ್ನು ಬಿಟ್ಟು ಹೋಗುವ ಸಂಕಟವೆಂದು ತಿಳಿದು ಮೂಗು ಒರೆಸಿಕೊಂಡರು. ಇಂಥ ಸೊಸೆ ಎಲ್ಲಿ ಸಿಗುತ್ತಾಳೆ ಎಂದು ಯಾರೋ ಹೇಳಿದರು.

ದೊಡ್ಡಮ್ಮ ಅವಳ ಮುಖ ನೋಡಿದರು, ಹೊಟ್ಟೆ ನೋಡಿದರು. ಆಮೇಲೆ ಬಗ್ಗಿ, ಕೆನ್ನೆಗೆ ಕೆನ್ನೆ ತಾಗುವ ಹಾಗೆ, ತುಂಬ ಹೊತ್ತು ಹೇಳಿದರು. ನನಗೆ ಒಂದಕ್ಷರ ಕೇಳಿಸಲಿಲ್ಲ. ಹುಡುಗಿಯ ಮುಖ ಸಡಿಲವಾದದ್ದು ಕಂಡಿತು. ಸಡಿಲವಾದ ಮೇಲೆ ಹುಬ್ಬು ಸ್ವಲ್ಪ ಗಂಟಾದದ್ದೂ ಕಂಡಿತು.

ಊಟವಾಗಿ ತಾಯಿಮನೆಯವರ ಕಾರು ಬಂತು. ಹುಡುಗಿ ಒಳಗೆ ಕುಳಿತು ನನ್ನನ್ನು ಕಿಟಕಿಗೆ ಕರೆದಳು. ದೊಡ್ಡಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು.

"ಅತ್ತೆ ಹೇಳಿದರು ಅಕ್ಕ. ಯಜಮಾನ ಸಾಯಲೇ ಇಲ್ಲವಂತೆ. ತಲೆ ತಿರುಗಿ ಬಿದ್ದದ್ದಂತೆ. ಕೊನೆಯ ಪಾಲಿನಲ್ಲಿ ಎದ್ದು ಕೂತು ಗಂಜಿ ಕುಡಿದನಂತೆ. ಯಾರೂ ಯಾರನ್ನೂ ಕೊಲ್ಲಲಿಲ್ಲ, ಎಲ್ಲರೂ ಸುಖದಲ್ಲಿ ಇದ್ದಾರಂತೆ. ನೀನೂ ಹಾಗೆಯೇ ಸುಖವಾಗಿ ಹೆತ್ತು ಬಾ ಅಂದರು."

ನಾನು ದೊಡ್ಡಮ್ಮನ ಕಡೆ ತಿರುಗಿದೆ. ಅವರು ತೆಂಗಿನ ಮರದ ತುದಿ ನೋಡುತ್ತಿದ್ದರು.

"ಬದುಕಿದನಲ್ಲ, ಒಳ್ಳೆಯದೇ ಆಯಿತು," ಎಂದೆ.

"ಒಳ್ಳೆಯದೇ," ಎಂದಳು. ಕಾರು ಹೊರಟಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು.

"ಹಾಗಾದರೆ ಅಕ್ಕ, ಎರಡನೇ ಪಾಲಿನಲ್ಲಿ ಆಸ್ಪತ್ರೆಯ ಡಾಕ್ಟರು ಹೊಟ್ಟೆ ಕೊಯ್ದು ನೋಡಿದ್ದು ಯಾರದ್ದು?"