ಡಿಸ್ಕ್ ಒಂದು, ಕಿತ್ತದ್ದು ಇನ್ನೊಂದು

“ಈ ಮನೆಯ ನೆನಪುಗಳಿಗೆ ಇನ್ನು ಸಾವಿಲ್ಲ!”

ಆ ಕರಿ ಪೆಟ್ಟಿಗೆ ಮನೆಗೆ ಬಂದ ದಿನ ಊಟದ ಮೇಜಿನ ಮುಂದೆ ನಿಂತು ನಾನು ಹೀಗೆ ಘೋಷಿಸಿದ್ದೆ. ಪೆಟ್ಟಿಗೆಯೊಳಗೆ ಒಂದರ ಕೆಳಗೊಂದು ಎರಡು ಹಾರ್ಡ್ ಡಿಸ್ಕುಗಳು. ಒಂದರಲ್ಲಿ ಬರೆದದ್ದೆಲ್ಲ ತಾನಾಗಿಯೇ ಇನ್ನೊಂದರಲ್ಲೂ ಇರುತ್ತದೆ. ಒಂದು ಸತ್ತರೆ ಇನ್ನೊಂದು ಸಂಸಾರ ನಡೆಸುತ್ತದೆ; ಸತ್ತದ್ದನ್ನು ಕಿತ್ತು ಹೊಸದನ್ನು ತುರುಕಿದರೆ ಮತ್ತೆ ಜೋಡಿ. ಮದುವೆಗಿಂತ ಗಟ್ಟಿ ಏರ್ಪಾಡು! (ಇದನ್ನು ಮನಸ್ಸಿನಲ್ಲೇ ಹೇಳಿಕೊಂಡೆ.) ಅದಕ್ಕೆ ‘ಖಜಾನೆ’ ಎಂದು ಹೆಸರಿಟ್ಟೆ. ಹೆಂಡತಿ ವಾರ ಕಳೆಯುವುದರೊಳಗೆ ಅದನ್ನು ‘ಸವತಿ’ ಎಂದು ತಿದ್ದಿದಳು.

“ಬೆಳಗ್ಗೆ ಎದ್ದ ತಕ್ಷಣ ಅವಳ ಮುಖ ನೋಡ್ತೀರಿ. ದೀಪ ಹಸಿರಿದ್ರೆ ಮಾತ್ರ ನನ್ನ ಕಡೆ ತಿರುಗ್ತೀರಿ.”

“ಹೊಟ್ಟೆಕಿಚ್ಚು ಯಾಕೆ? ಅವಳು ಎದುರು ಮಾತಾಡಲ್ಲ, ಅಷ್ಟೇ!”

ಆ ದಿನ ನನಗೆ ಕಾಫಿ ಸಿಗಲಿಲ್ಲ.

ನಿಜ ಹೇಳುತ್ತೇನೆ, ಅಷ್ಟೆಲ್ಲ ಕಾವಲು ಇಟ್ಟದ್ದು ಒಂದೇ ಒಂದು ಸಂಗತಿಗೆ. ಮಗಳು ಚಿಕ್ಕವಳಿದ್ದಾಗ ರಟ್ಟಿನ ಡಬ್ಬಕ್ಕೆ ಕಿಂಡಿ ಕೊಯ್ಸಿಕೊಂಡು, ಅದರೊಳಗೆ ತಲೆ ತೂರಿಸಿ, ಟೀವಿಯವರ ಹಾಗೆ ವಾರ್ತೆ ಓದುತ್ತಿದ್ದಳು. ನಾನು ಕ್ಯಾಮೆರಾ ಹಿಡಿಯುತ್ತಿದ್ದೆ. “ವಾರ್ತೆಗಳು, ಓದುತ್ತಿರುವವರು ನಾನು. ಅಮ್ಮ ಇವತ್ತು ಹಾಲು ಉಕ್ಕಿಸಿದಳು. ಅಪ್ಪನಿಗೆ ಬೈಗುಳ ಬೀಳುವ ಸಾಧ್ಯತೆ ಇದೆ. ಸಂಜೆ ಕೆಲವೆಡೆ ಅಳು ಬರಬಹುದು. ಅಪ್ಪಾ, ಕತ್ತು ನೋಯ್ತಿದೆ, ಡಬ್ಬ ತೆಗಿ.”

ಆ ವಾರ್ತಾವಾಚಕಿ ಈಗ ಕಾಲೇಜು ಹುಡುಗಿ. ಪಕ್ಕದ ಕೋಣೆಯಲ್ಲೇ ಇದ್ದಾಳೆ. ಬಾಗಿಲು ಮುಚ್ಚಿರುತ್ತದೆ, ಕಿವಿಯೂ ಮುಚ್ಚಿರುತ್ತದೆ. ನನಗೆಂದು ಅವಳು ಉಳಿಸಿಕೊಂಡಿರುವ ಪದಗಳು “ಹ್ಞೂಂ”, “ಗೊತ್ತು” ಮತ್ತು “ಆಮೇಲೆ”. ಒಂದೇ ಸೂರಿನಡಿ ಇರುವವಳಿಗಾಗಿ ಹಂಬಲಿಸುವುದು ಹೇಗೆ ಎಂದು ನೀವು ಕೇಳಬಹುದು. ಹರೆಯದ ಮಕ್ಕಳಿರುವ ಯಾವ ಅಪ್ಪನನ್ನಾದರೂ ಕೇಳಿ, ಹೇಳುತ್ತಾನೆ. ಭಾನುವಾರ ಬಂತೆಂದರೆ ನಾನು ಖಜಾನೆ ತೆಗೆದು, ಆ ಪುಟ್ಟಿಯ ಬಾಯಲ್ಲಿ ಬೈಗುಳದ ಮುನ್ಸೂಚನೆ ಕೇಳಿ, ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದೆ.

ಕಳೆದ ಭಾನುವಾರ ತೆಗೆಯಲು ಹೋದರೆ ದೀಪ ಕೆಂಪು! ಪರದೆಯ ಮೇಲೆ ‘ಡಿಸ್ಕ್ 1 ಕೆಟ್ಟಿದೆ’ ಎಂಬ ಒಕ್ಕಣೆ. ಒಳಗಿನಿಂದ ಟಿಕ್, ಟಿಕ್ ಎಂಬ ಸದ್ದು. ನಾನು ಸ್ಟೀಲ್ ಲೋಟವನ್ನು ಪೆಟ್ಟಿಗೆಗೆ ಒತ್ತಿ, ಅದಕ್ಕೆ ಕಿವಿ ಕೊಟ್ಟು, ಮಹಾವೈದ್ಯನಂತೆ ಕಣ್ಣು ಮುಚ್ಚಿದೆ.

“ಮೇಲಿನದೇ. ಕೀಳಬೇಕು.”

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಕೀಳುವ ಮಾತು ಬಂದರೆ ಸುಮ್ಮನಿರುವವಳಲ್ಲ.

“ನೋಯ್ತಿರೋದು ಯಾವುದು ಅಂತ ಸರಿಯಾಗಿ ನೋಡಿದ್ರಾ? ನಾವು ಕೀಳೋ ಮುಂಚೆ ಎಕ್ಸ್‌ರೇ ತೆಗೀತೀವಿ.”

“ಒಂದು ಅಂತ ಬರೆದಿದೆಯಲ್ಲ! ಮೇಲಿಂದ ಒಂದನೇದು. ಒಂದು ಎಣಿಸೋಕೂ ಎಕ್ಸ್‌ರೇ ಬೇಕಾ?”

ಕಿತ್ತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನಗೆ ಬುದ್ಧಿವಂತಿಕೆ ಸ್ವಲ್ಪ ಜಾಸ್ತಿ! ಮನೆಯ ಗುಟ್ಟೆಲ್ಲ ತುಂಬಿದ ಡಿಸ್ಕನ್ನು ಹಾಗೇ ಕಸಕ್ಕೆ ಹಾಕಬಹುದೇ? ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ‘ಪೂರ್ತಿ ಅಳಿಸು’ ಒತ್ತಿದೆ. “ಖಚಿತವೇ?” ಎಂದಿತು. “ಖಚಿತ!” ಎಂದೆ. ತುಂಬ ವಿಧೇಯವಾಗಿ, ಚಕಚಕನೆ ಅಳಿಸಿಕೊಂಡಿತು. ಸತ್ತ ಡಿಸ್ಕು ಇಷ್ಟು ಚುರುಕಾಗಿ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ನನಗೆ ಬರಬೇಕಿತ್ತು. ಬಂತು. ಅಳಿಸಿ ಮುಗಿದ ಮೇಲೆ ಬಂತು.

ಪೆಟ್ಟಿಗೆಯ ಕಡೆ ಓಡಿದೆ. ಒಳಗೆ ಉಳಿದಿದ್ದ ಡಿಸ್ಕು ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು. ನನ್ನ ಮುಖ ಕಂಡದ್ದೇ ಕರ್ರ್ ಎಂದು ಗಂಟಲು ಕೆರೆದು ಶಾಶ್ವತವಾಗಿ ಸುಮ್ಮನಾಯಿತು. ಆಗ ಕೈಪಿಡಿ ಬಿಡಿಸಿದೆ. ಈ ಪುಣ್ಯಾತ್ಮ ಪೆಟ್ಟಿಗೆ ಎಣಿಸುವುದು ಸೊನ್ನೆಯಿಂದ! ಮೇಲಿನದು ಸೊನ್ನೆ, ಕೆಳಗಿನದು ಒಂದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಕೋಟೆಯನ್ನು ನಾನೇ ಸೂರೆ ಮಾಡಿ ಬಾಗಿಲು ಹುಡುಕುತ್ತಿದ್ದೆ.

ಕಚೇರಿಯ ಗೆಳೆಯನಿಗೆ ಫೋನು ಮಾಡಿದೆ. “ಸತ್ತದ್ದನ್ನ ಫ್ರೀಜರಲ್ಲಿಡು ಮಾರಾಯ, ಒಂದೊಂದು ಸಲ ಬದುಕುತ್ತೆ” ಎಂದ. ಮುಳುಗುವವನಿಗೆ ಹುಲ್ಲುಕಡ್ಡಿ! ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟೆ. ಮಧ್ಯಾಹ್ನ ಅಡುಗೆಮನೆಯಿಂದ ಕೂಗು ಬಂತು.

“ಬಟಾಣಿ ಪಕ್ಕ ಮಲಗಿರೋದು ಯಾರ್ರೀ ಇದು?”

“ಅದು... ನಮ್ಮ ಪುಟ್ಟಿ.”

ಬಟಾಣಿ ಪೊಟ್ಟಣ ಅವಳ ಕೈಜಾರಿ, ಕಾಳೆಲ್ಲ ನೆಲದ ಮೇಲೆ ಉರುಳಿತು. ನಡೆದದ್ದನ್ನೆಲ್ಲ ಹೇಳಿದೆ.

“ಕಿತ್ತಿದ್ದು ಒಳ್ಳೇ ಹಲ್ಲು. ಅಲ್ವಾ?” ಎಂದಳು.

“ಹೂಂ.”

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನೆಲದ ಮೇಲೆ ಕೂತು ಬಟಾಣಿ ಹೆಕ್ಕುತ್ತಾ, “ಕೊನೇಲಿ ಡಬ್ಬ ತೆಗಿ ಅಂತಿದ್ದಳಲ್ಲ...” ಎಂದಳು. ನಾನೂ ಪಕ್ಕದಲ್ಲಿ ಕೂತು ಹೆಕ್ಕಿದೆ. ಅವಳೂ ಆ ವಾರ್ತೆಯನ್ನು ಕದ್ದು ನೋಡುತ್ತಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಆ ಪುಟ್ಟಿ ಇನ್ನು ಎಲ್ಲೂ ಇಲ್ಲ.

ಮುಚ್ಚಿದ ಬಾಗಿಲು ತೆರೆಯಿತು. “ಏನದು ಸದ್ದು?” ಎಂದು ಮಗಳು ಬಂದಳು.

“ನಿನ್ನ ವಾರ್ತೆ ಹೋಯ್ತಮ್ಮ. ನಾನೇ ಅಳಿಸಿಬಿಟ್ಟೆ.”

ಅವಳು ನಮ್ಮಿಬ್ಬರ ಮುಖ ನೋಡಿದಳು. ಜೇಬಿನಿಂದ ಫೋನು ತೆಗೆದು ಒತ್ತಿದಳು. “ವಾರ್ತೆಗಳು, ಓದುತ್ತಿರುವವರು ನಾನು...” ಹಿಂದಿನಿಂದ ಯಾರೋ ಬಿದ್ದುಬಿದ್ದು ನಗುವ ಸದ್ದು.

“ಎಲ್ಲಾ ನನ್ನ ಹತ್ರ ಇದೆಯಪ್ಪ. ಯಾವತ್ತೋ ಹಾಕ್ಕೊಂಡಿದ್ದೆ.”

“ನಿನ್ನನ್ನ ನೀನೇ ನೋಡ್ಕೊಳ್ಳೋಕಾ?”

“ನನ್ನನ್ನ ಯಾರು ನೋಡ್ತಾರೆ! ಹಿಂದೆ ನಗ್ತಿದೀಯಲ್ಲ, ಅದು ಕೇಳೋಕೆ. ಈಗ ನೀನು ಹಾಗೆ ನಗೋದೇ ಇಲ್ಲ. ಯಾವಾಗ ನೋಡಿದ್ರೂ ಆ ಪೆಟ್ಟಿಗೆ ಮುಂದೆ ಕೂತಿರ್ತೀಯ.”

ಸವತಿಯ ಬಗ್ಗೆ ಮನೆಯಲ್ಲಿ ಒಮ್ಮತ ಇತ್ತು ಅಂತಾಯಿತು!

“ಕೊಡ್ತೀಯಾ ಅದನ್ನ?” ಎಂದು ಕೈ ಚಾಚಿದೆ.

“ಒಂದು ಷರತ್ತು.”

ಖಜಾನೆ ಬಂದಿದ್ದ ರಟ್ಟಿನ ಡಬ್ಬ ಅಟ್ಟದಿಂದ ಇಳಿಯಿತು. ಹಲ್ಲಿನ ಡಾಕ್ಟರು ಕಿಂಡಿ ಕೊಯ್ದು ನನ್ನ ತಲೆಯನ್ನು ಒಳಗೆ ಒತ್ತಿದಳು. ಮಗಳು ಫೋನು ಹಿಡಿದು “ಹ್ಞೂಂ, ಶುರು” ಎಂದಳು.

“ವಾರ್ತೆಗಳು, ಓದುತ್ತಿರುವವರು ನಾನು. ಮನೆಯ ಯಜಮಾನರಿಗೆ ಒಂದು ಎಣಿಸಲು ಬರುವುದಿಲ್ಲವೆಂದು ಪತ್ತೆಯಾಗಿದೆ. ದೋಷ ಡಿಸ್ಕಿನದ್ದಲ್ಲ, ತಲೆಯದ್ದು ಎಂದು ತಜ್ಞರು ತಿಳಿಸಿದ್ದಾರೆ...”

ಕ್ಯಾಮೆರಾ ಹಿಂದೆ ಮಗಳು ಬಿದ್ದುಬಿದ್ದು ನಗುತ್ತಿದ್ದಳು. ಅದೇ ನಗು, ಥೇಟ್ ನನ್ನದೇ.

“ಹವಾಮಾನ ಬಿಟ್ರಿ” ಎಂದು ಹೆಂಡತಿ ನೆನಪಿಸಿದಳು.

“ಸಂಜೆ ಕೆಲವೆಡೆ ಅಳು...” ಎಂದೆ. ಡಬ್ಬದೊಳಗೆ ಕೈ ಹೋಗದು, ಕಣ್ಣೊರೆಸಿಕೊಳ್ಳುವುದು ಹೇಗೆ?

ಮಗಳು ಫೋನು ಕೆಳಗಿಳಿಸಿ ಕಿಂಡಿಯೊಳಗೆ ಇಣುಕಿದಳು.

“ಅಮ್ಮಾ, ಬೆಳಗಿಂದ ಅಪ್ಪ ಹೇಳಿದ್ದರಲ್ಲಿ ಸರಿಯಾಗಿದ್ದು ಇದೊಂದೇ ನೋಡು!”